ಜ್ವರವನ್ನು ಗೆಲ್ಲುವ ದೇಹ ಕ್ಯಾನ್ಸರಿಗೆ ಸೋಲುವುದೇಕೆ?

ಓದುಗರ ಪ್ರಶ್ನೆ: ನೆಗಡಿ, ಜ್ವರ ಬಂದರೆ ವಾರದೊಳಗೆ ದೇಹ ತಾನೇ ಸರಿಮಾಡಿಕೊಳ್ಳುತ್ತದೆ. ಅಂಥ ದೇಹ ತನ್ನೊಳಗೆ ಗಡ್ಡೆ ಬೆಳೆಯುತ್ತಿದ್ದರೂ ಸುಮ್ಮನಿರುವುದೇಕೆ? ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಂಡರೆ ಕ್ಯಾನ್ಸರ್ ಬಾರದಂತೆ ನೋಡಿಕೊಳ್ಳಬಹುದಲ್ಲವೇ?

ಕೋವಿಡ್ ಬಂದುಹೋದ ಮೇಲೆ ‘ಇಮ್ಯುನಿಟಿ’ ಎನ್ನುವುದು ಮನೆಮಾತಾಗಿದೆ. ಅದರ ಬೆನ್ನಿಗೇ ಈ ಪ್ರಶ್ನೆಯನ್ನು ಕೇಳುವವರೂ ಹೆಚ್ಚಿದ್ದಾರೆ. ಎರಡನೇ ಭಾಗಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಕಷಾಯ, ಪುಡಿ, ಲೇಹ್ಯ ತೆಗೆದುಕೊಂಡು ಕ್ಯಾನ್ಸರ್ ತಡೆಯಬಹುದು ಎನ್ನಲು ಆಧಾರವಿಲ್ಲ. ಮೊದಲನೇ ಭಾಗದ ಉತ್ತರ ಉದ್ದವಾಗುತ್ತದೆ, ಏಕೆಂದರೆ ದೇಹ ಸುಮ್ಮನೇನೂ ಇರುವುದಿಲ್ಲ. ಕಾದಾಡುತ್ತದೆ, ಗೆಲ್ಲುವುದೂ ಉಂಟು. ಗೆದ್ದಾಗ ನಮಗೆ ಗೊತ್ತಾಗುವುದಿಲ್ಲ, ಅಷ್ಟೆ.

ಇದಕ್ಕೆ ಸಾಕ್ಷಿಯಾಗಿ ಸ್ಕಾಟ್ಲೆಂಡಿನ ವೈದ್ಯರು 2003ರಲ್ಲಿ ವರದಿ ಮಾಡಿದ ಒಂದು ಪ್ರಕರಣವಿದೆ. ತೀರಿಕೊಂಡ ಒಬ್ಬ ದಾನಿಯ ಎರಡು ಕಿಡ್ನಿಗಳನ್ನು ಇಬ್ಬರು ರೋಗಿಗಳಿಗೆ ಕಸಿ ಮಾಡಲಾಗಿತ್ತು. ಕೆಲಕಾಲದ ನಂತರ ಇಬ್ಬರಲ್ಲೂ ಮೆಲನೋಮ, ಅಂದರೆ ಚರ್ಮದ ಬಣ್ಣದ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್, ಕಾಣಿಸಿಕೊಂಡಿತು. ಹಳೆಯ ದಾಖಲೆ ತೆಗೆದು ನೋಡಿದರೆ ದಾನಿಗೆ 16 ವರ್ಷಗಳ ಹಿಂದೆ ಮೆಲನೋಮದ ಶಸ್ತ್ರಚಿಕಿತ್ಸೆ ಆಗಿತ್ತು, ಪೂರ್ತಿ ವಾಸಿಯಾಗಿದೆ ಎಂದೇ ಎಲ್ಲರೂ ನಂಬಿದ್ದರು. ನಿಜವಾಗಿ ಒಂದಷ್ಟು ಕ್ಯಾನ್ಸರ್ ಕೋಶಗಳು ಆ ದೇಹದಲ್ಲಿ ಉಳಿದುಕೊಂಡಿದ್ದವು. ಅಷ್ಟೂ ವರ್ಷ ಅವು ತಲೆಯೆತ್ತದಂತೆ ನೋಡಿಕೊಂಡದ್ದು ದಾನಿಯ ರೋಗನಿರೋಧಕ ವ್ಯವಸ್ಥೆಯೇ ಎಂದು ವಿಜ್ಞಾನಿಗಳು ಅರ್ಥಮಾಡಿಕೊಂಡರು. ಕಸಿ ಮಾಡಿಸಿಕೊಂಡವರು ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಆ ವ್ಯವಸ್ಥೆಯನ್ನು ಅದುಮಿಡುವ ಮಾತ್ರೆ ನುಂಗುತ್ತಿದ್ದರು. ಕಾವಲು ತಪ್ಪಿತು, ಗಡ್ಡೆ ಎದ್ದಿತು.

ಅಮೆರಿಕದಲ್ಲಿ 1981ರಲ್ಲಿ ಏಡ್ಸ್ ಮೊದಲು ಬೆಳಕಿಗೆ ಬಂದಾಗಲೂ ವೈದ್ಯರ ಕಣ್ಣಿಗೆ ಬಿದ್ದ ಸುಳಿವುಗಳಲ್ಲಿ ಒಂದು ಕ್ಯಾನ್ಸರೇ. ಕಪೋಸಿ ಸಾರ್ಕೋಮ ಎಂಬ ಅಪರೂಪದ ಗಡ್ಡೆ ಯುವಕರಲ್ಲಿ ಕಾಣಿಸಿಕೊಂಡಿತ್ತು. ಎಚ್‌ಐವಿ ನಾಶಮಾಡುವುದು ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು. ಸೋಂಕನ್ನೂ ಕ್ಯಾನ್ಸರನ್ನೂ ಕಾಯುವವರು ಒಬ್ಬರೇ ಎಂದ ಮೇಲೆ, ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲುವುದೇಕೆ?

ಟಿ ಕೋಶ ಶತ್ರುವನ್ನು ಗುರುತಿಸುವ ಬಗೆಯಲ್ಲೇ ಉತ್ತರದ ಅರ್ಧ ಇದೆ. ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿ ಜೀವಕೋಶವೂ ತಾನು ಒಳಗೆ ತಯಾರಿಸುವ ಪ್ರೋಟೀನ್‌ಗಳನ್ನು ಚೂರು ಮಾಡಿ, ಆ ಚೂರುಗಳನ್ನು ತನ್ನ ಹೊರಮೈಮೇಲೆ ಹಿಡಿದು ತೋರಿಸುತ್ತಲೇ ಇರುತ್ತದೆ. ಟಿ ಕೋಶ ಅವನ್ನು ಮುಟ್ಟಿ ನೋಡಿಕೊಂಡು ಮುಂದೆ ಹೋಗುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿ ನೋಡುತ್ತೇವಲ್ಲ, ಹಾಗೆ. ಕೋಶದೊಳಗೆ ವೈರಸ್ ಹೊಕ್ಕಿದ್ದರೆ ಅದರ ಪ್ರೋಟೀನಿನ ಚೂರೂ ಹೊರಗೆ ಕಾಣುತ್ತದೆ. ಅದು ಪರಕೀಯವೆಂದು ಗುರುತಿಸಿದ ಟಿ ಕೋಶ ಆ ಜೀವಕೋಶವನ್ನೇ ಕೊಂದುಹಾಕುತ್ತದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗಲ್ 1970ರ ದಶಕದಲ್ಲಿ ವೈರಸ್ ತಗಲಿದ ಇಲಿಗಳಲ್ಲಿ ಈ ಗುರುತಿಸುವಿಕೆಯ ನಿಯಮವನ್ನು ಕಂಡುಕೊಂಡರು. 1996ರ ನೊಬೆಲ್ ಪ್ರಶಸ್ತಿ ಅವರಿಗೆ ಬಂದದ್ದು ಇದಕ್ಕೇ.

ಜೊತೆಗೆ ವೈರಸ್ ಬಂದಾಗ ದೇಹದಲ್ಲಿ ದೊಡ್ಡ ಗಲಾಟೆಯೇ ಏಳುತ್ತದೆ. ಇಂಟರ್‌ಫೆರಾನ್‌ನಂಥ ರಾಸಾಯನಿಕಗಳು ಸುರಿಯುತ್ತವೆ. ಜ್ವರ, ಮೈಕೈ ನೋವು ಅದರದೇ ಪರಿಣಾಮ. ಕ್ಯಾನ್ಸರ್ ಕೋಶ ಹೊರಗಿನಿಂದ ಬಂದದ್ದಲ್ಲ, ನಮ್ಮದೇ ಕೋಶ ದಾರಿ ತಪ್ಪಿದ್ದು. ಅದರ ಪ್ರೋಟೀನ್‌ಗಳಲ್ಲಿ ಹೆಚ್ಚಿನವು ನಮ್ಮವೇ. ವಂಶವಾಹಿ ಕೆಟ್ಟು ಬದಲಾದ ಬೆರಳೆಣಿಕೆಯ ಚೂರುಗಳು ಮಾತ್ರ ಪರಕೀಯವಾಗಿ ಕಾಣಬಲ್ಲವು. ಅದೂ ಗಲಾಟೆಯಿಲ್ಲದೆ, ವರ್ಷಗಟ್ಟಲೆ ನಿಧಾನವಾಗಿ. ಕೆಲವು ಕ್ಯಾನ್ಸರ್ ಕೋಶಗಳಂತೂ ಚೂರು ತೋರಿಸುವ ಕೆಲಸವನ್ನೇ ನಿಲ್ಲಿಸಿ ತಪ್ಪಿಸಿಕೊಳ್ಳುತ್ತವೆ.

ಉಳಿದರ್ಧ ಉತ್ತರ ಸಿಕ್ಕಿದ್ದು ಕ್ಯಾನ್ಸರ್ ಪ್ರಯೋಗಾಲಯದಲ್ಲಲ್ಲ, ವೈರಸ್ ಅಧ್ಯಯನದಲ್ಲಿ. ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೈದರಾಬಾದಿನಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದ ರಫಿ ಅಹ್ಮದ್, ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಇಲಿಗಳಿಗೆ ತಗಲುವ ಎಲ್‌ಸಿಎಂವಿ ಎಂಬ ವೈರಸ್ ಮೇಲೆ ಕೆಲಸ ಮಾಡುತ್ತಿದ್ದರು. ಇದರ ಒಂದು ತಳಿ ಚುಚ್ಚಿದರೆ ಇಲಿ ಎಂಟು-ಹತ್ತು ದಿನದಲ್ಲಿ ಅದನ್ನು ತೊಡೆದುಹಾಕುತ್ತದೆ. ಅದೇ ವೈರಸ್ಸಿನ ‘ಕ್ಲೋನ್ 13’ ಎಂಬ ಇನ್ನೊಂದು ತಳಿ ಚುಚ್ಚಿದರೆ ಸೋಂಕು ತಿಂಗಳುಗಟ್ಟಲೆ ಉಳಿಯುತ್ತದೆ. ಎರಡನೇ ಇಲಿಯಲ್ಲಿ ಟಿ ಕೋಶಗಳು ಸತ್ತುಹೋಗಿರಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ 1998ರಲ್ಲಿ ಅವರ ತಂಡ ನೋಡಿದಾಗ ಟಿ ಕೋಶಗಳು ಅಲ್ಲೇ ಇದ್ದವು. ವೈರಸ್ಸನ್ನು ಗುರುತಿಸುತ್ತಲೂ ಇದ್ದವು. ಗುರುತಿಸಿದ ಮೇಲೆ ಮಾಡಬೇಕಾದ ಕೆಲಸ ಮಾತ್ರ ನಡೆಯುತ್ತಿರಲಿಲ್ಲ. ಶತ್ರು ಕಣ್ಣೆದುರಿನಿಂದ ಕದಲದೆ ನಿಂತಾಗ ಟಿ ಕೋಶಗಳು ಹೀಗೆ ಬಳಲಿ ಕೈಚೆಲ್ಲುತ್ತವೆ.

ಹೀಗೆ ಬಳಲಿದ ಕೋಶಗಳ ಮೈಮೇಲೆ ಪಿಡಿ-1 ಎಂಬ ಪ್ರೋಟೀನ್ ದಟ್ಟವಾಗಿರುವುದು ಮುಂದೆ ತಿಳಿಯಿತು. ಪಿಡಿ-1 ಅನ್ನು 1992ರಲ್ಲಿ ಮೊದಲು ಕಂಡವರು ಜಪಾನಿನ ಕ್ಯೋಟೋದ ತಾಸುಕು ಹೊಂಜೊ ಅವರ ತಂಡದವರು. ಅದು ಟಿ ಕೋಶದ ಬ್ರೇಕು. ಎದುರಿನ ಕೋಶ ತನ್ನ ಮೇಲಿರುವ ಪಿಡಿ-ಎಲ್1 ಎಂಬ ಜೋಡಿಯನ್ನು ಅದಕ್ಕೆ ತಾಕಿಸಿದರೆ ಟಿ ಕೋಶ ತಣ್ಣಗಾಗುತ್ತದೆ. 2006ರಲ್ಲಿ ರಫಿ ಅಹ್ಮದ್ ತಂಡ ಆ ಜೋಡಿ ಸೇರದಂತೆ ಅಡ್ಡಗಟ್ಟುವ ಪ್ರತಿಕಾಯವನ್ನು ದೀರ್ಘಕಾಲದ ಸೋಂಕಿದ್ದ ಇಲಿಗಳಿಗೆ ಕೊಟ್ಟಿತು. ಬಳಲಿ ಕೂತಿದ್ದ ಟಿ ಕೋಶಗಳು ಮತ್ತೆ ಕೆಲಸಕ್ಕಿಳಿದವು, ವೈರಸ್ ಇಳಿಯಿತು. ಗಡ್ಡೆಯೊಳಗೆ ಸೇರಿ ಸುಮ್ಮನಾಗುವ ಟಿ ಕೋಶಗಳದ್ದೂ ಹೆಚ್ಚುಕಡಿಮೆ ಇದೇ ಸ್ಥಿತಿ. ಅನೇಕ ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ಅನ್ನು ಮೈತುಂಬ ಹೊತ್ತಿರುತ್ತವೆ.

ಇಂಥ ಬ್ರೇಕನ್ನು ದೇಹ ಯಾಕಾದರೂ ಇಟ್ಟುಕೊಂಡಿದೆ? ಪಿಡಿ-1 ಇಲ್ಲದಂತೆ ಮಾಡಿದ ಇಲಿಗಳಲ್ಲಿ ಟಿ ಕೋಶಗಳು ಸ್ವಂತ ಅಂಗಾಂಗಗಳ ಮೇಲೇ ತಿರುಗಿಬಿದ್ದವು. ಕೀಲುವಾತ, ಲೂಪಸ್, ಟೈಪ್ 1 ಮಧುಮೇಹ ಎಲ್ಲವೂ ರೋಗನಿರೋಧಕ ವ್ಯವಸ್ಥೆ ಹದ್ದು ಮೀರಿದಾಗ ಬರುವ ಕಾಯಿಲೆಗಳು. ‘ಇಮ್ಯುನಿಟಿ ಹೆಚ್ಚಿಸುತ್ತದೆ’ ಎಂಬ ಜಾಹೀರಾತುಗಳ ಮೇಲೆ ನನಗಿರುವ ತಕರಾರು ಇಲ್ಲಿಯದು. ಎಲ್ಲೆಡೆ ಒಂದೇ ಸಮ ಹೆಚ್ಚಿಸಬೇಕಾದ ಯಾವುದೋ ಒಂದು ವಸ್ತು ದೇಹದಲ್ಲಿ ಇಲ್ಲ. ಯಾವ ಕೋಶ, ಯಾವ ಶತ್ರುವಿನ ಮೇಲೆ, ಎಷ್ಟು ಹೊತ್ತು ಎಂಬ ಲೆಕ್ಕಾಚಾರ ಇದೆ. ಗಡ್ಡೆಯ ಪಕ್ಕದಲ್ಲೇ ಕೋಟ್ಯಂತರ ಟಿ ಕೋಶಗಳು ಬ್ರೇಕು ಬಿದ್ದು ನಿಂತಿದ್ದಾಗ ಇನ್ನಷ್ಟನ್ನು ಕಳಿಸಿ ಪ್ರಯೋಜನವೇನು?

ಅಮೆರಿಕದ ಜೇಮ್ಸ್ ಆಲಿಸನ್ 1996ರಲ್ಲಿ ಸಿಟಿಎಲ್‌ಎ-4 ಎಂಬ ಇನ್ನೊಂದು ಬ್ರೇಕನ್ನು ಸಡಿಲಿಸಿ ಇಲಿಗಳ ಗಡ್ಡೆ ಕರಗಿಸಿ ತೋರಿಸಿದ್ದರು. ಆ ಬಗೆಯ ಮೊದಲ ಔಷಧ ಇಪಿಲಿಮುಮ್ಯಾಬ್‌ಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪಿಡಿ-1 ತಡೆಯುವ ಪೆಂಬ್ರೋಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್ 2014ರಲ್ಲಿ ಬಂದವು. 2015ರಲ್ಲಿ ಮಿದುಳಿಗೆ ಹರಡಿದ ಮೆಲನೋಮ ಇದ್ದ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಪೆಂಬ್ರೋಲಿಜುಮ್ಯಾಬ್ ಪಡೆದರು, 2024ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡರು. ಆಲಿಸನ್ ಮತ್ತು ಹೊಂಜೊ 2018ರ ನೊಬೆಲ್ ಹಂಚಿಕೊಂಡರು. ಕಾರ್ಟರ್ ಅವರ ಉದಾಹರಣೆ ನೋಡಿ ಎಲ್ಲರಿಗೂ ಹೀಗೇ ಆಗುತ್ತದೆ ಎಂದುಕೊಳ್ಳಬೇಡಿ. ವಂಶವಾಹಿ ಹೆಚ್ಚು ಕೆಟ್ಟಿರುವ ಮೆಲನೋಮ, ಬೀಡಿ-ಸಿಗರೇಟಿನಿಂದ ಬಂದ ಶ್ವಾಸಕೋಶದ ಕ್ಯಾನ್ಸರ್ ಮುಂತಾದವುಗಳಲ್ಲಿ ಪರಕೀಯ ಚೂರುಗಳು ಹೆಚ್ಚು, ಹಾಗಾಗಿ ಫಲ ಸಿಗುವ ಸಾಧ್ಯತೆಯೂ ಹೆಚ್ಚು. ಎಷ್ಟೋ ಬಗೆಯ ಗಡ್ಡೆಗಳು ಈ ಔಷಧಕ್ಕೆ ಜಗ್ಗುವುದೇ ಇಲ್ಲ.

ನಮಗೆ ಬಹಳ ಹತ್ತಿರದ ಒಂದು ಅಧ್ಯಯನ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯದು. ತಂಬಾಕು, ಗುಟ್ಕಾ, ಅಡಿಕೆ ಜಗಿಯುವ ನಮ್ಮ ಊರುಗಳಲ್ಲಿ ಬಾಯಿ ಕ್ಯಾನ್ಸರ್ ಎಷ್ಟು ಮನೆಗಳನ್ನು ಹಾಳುಮಾಡಿದೆ ಎಂದು ಬೇರೆ ಹೇಳಬೇಕಿಲ್ಲ. ನಿವೊಲುಮ್ಯಾಬ್‌ನ ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ, ಅದರ ಬೆಲೆ ಸಾಮಾನ್ಯ ಕುಟುಂಬದ ಕೈಗೆಟುಕುವುದಿಲ್ಲ. ಟಾಟಾ ವೈದ್ಯರು ತಲೆ-ಕುತ್ತಿಗೆ ಭಾಗದ ಕ್ಯಾನ್ಸರ್ ಬಹಳ ಮುಂದುವರಿದಿದ್ದ 151 ರೋಗಿಗಳನ್ನು ಆರಿಸಿಕೊಂಡರು. ಎಲ್ಲರಿಗೂ ಕಡಿಮೆ ಬೆಲೆಯ ನುಂಗುವ ಔಷಧಗಳನ್ನು ಕೊಟ್ಟು, ಅರ್ಧದಷ್ಟು ಜನರಿಗೆ ಮಾತ್ರ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿದರು. ಬರೀ ನುಂಗುವ ಔಷಧ ಪಡೆದವರಲ್ಲಿ ಒಂದು ವರ್ಷ ಬದುಕಿದವರು ಶೇ 16.3. ನಿವೊಲುಮ್ಯಾಬ್ ಸೇರಿದವರಲ್ಲಿ ಶೇ 43.4. ಬೇರೆ ದೇಶದ ಕಂಪನಿ ಬರೆದ ಪ್ರಮಾಣವನ್ನು ಕಣ್ಣುಮುಚ್ಚಿ ಒಪ್ಪದೆ, ನಮ್ಮ ರೋಗಿಯ ಜೇಬು ನೋಡಿ ಕೇಳಿದ ಪ್ರಶ್ನೆ ಇದು. ಇಂಥ ಸಂಶೋಧನೆಗೆ ಸರ್ಕಾರಗಳು ಇನ್ನೂ ಹೆಚ್ಚು ಹಣ ಹಾಕಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ರಕ್ತದ ಕೆಲವು ಕ್ಯಾನ್ಸರ್‌ಗಳಿಗೆ ರೋಗಿಯ ಟಿ ಕೋಶಗಳನ್ನೇ ಹೊರತೆಗೆದು, ಕ್ಯಾನ್ಸರ್ ಗುರುತಿಸುವ ಹೊಸ ವಂಶವಾಹಿ ತುಂಬಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಯೂ ಬಂದಿದೆ. ಆ ವಂಶವಾಹಿಯನ್ನು ಒಳಗೆ ಸಾಗಿಸಲು ಹೆಚ್ಚಾಗಿ ಬಳಸುವ ವಾಹಕ, ಹಾನಿ ಮಾಡದಂತೆ ತಿದ್ದಿದ ಎಚ್‌ಐವಿ ಮೂಲದ ವೈರಸ್! ಐಐಟಿ ಬಾಂಬೆ ಮತ್ತು ಟಾಟಾ ಆಸ್ಪತ್ರೆ ಸೇರಿ ರೂಪಿಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಭಾರತದ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಇನ್ನೊಂದನ್ನು ಹೊರತಂದಿತು.

ಹಾಗಾದರೆ ಕ್ಯಾನ್ಸರ್ ಬರುವ ಮೊದಲೇ ರೋಗನಿರೋಧಕ ವ್ಯವಸ್ಥೆಗೆ ನಾವು ಏನೂ ಕಲಿಸಲಾಗದೇ? ಸೋಂಕಿನಿಂದ ಹುಟ್ಟುವ ಕ್ಯಾನ್ಸರ್‌ಗಳ ವಿಷಯದಲ್ಲಿ ಖಂಡಿತ ಕಲಿಸಬಹುದು. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ, ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸಿನ ವಿರುದ್ಧ ಲಸಿಕೆ ಹಾಕಲು ಶುರುಮಾಡಿತು. ಹತ್ತು ವರ್ಷಗಳೊಳಗೆ ಅಲ್ಲಿನ 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಗರ್ಭಕಂಠದ ಕ್ಯಾನ್ಸರ್ ಬಹುಪಾಲು ಎಚ್‌ಪಿವಿ ವೈರಸ್ಸಿನಿಂದ ಬರುವಂಥದ್ದು. ಅದರ ಲಸಿಕೆಯನ್ನು 9ರಿಂದ 14ರ ವಯಸ್ಸಿನಲ್ಲಿ, ಸೋಂಕು ತಗಲುವ ಮೊದಲೇ ಹಾಕಿಸಿದರೆ ಫಲ ಹೆಚ್ಚು. ಪುಣೆಯ ಸೀರಂ ಸಂಸ್ಥೆ ತಯಾರಿಸುವ ಸರ್ವಾವ್ಯಾಕ್ ನಮ್ಮಲ್ಲೇ ಸಿಗುತ್ತದೆ. ಮನೆಯಲ್ಲಿ ಆ ವಯಸ್ಸಿನ ಹೆಣ್ಣುಮಕ್ಕಳಿದ್ದರೆ, ಇಮ್ಯುನಿಟಿ ಪುಡಿಗೆ ಹಾಕುವ ದುಡ್ಡನ್ನು ಈ ಲಸಿಕೆಗೆ ಹಾಕಿ.

ಮನೆಯಲ್ಲಿ ಯಾರಾದರೂ ಈಗಾಗಲೇ ಇಮ್ಯುನೊಥೆರಪಿ, ಅಂದರೆ ಮೇಲೆ ಹೇಳಿದ ಬ್ರೇಕು ಸಡಿಲಿಸುವ ಔಷಧದ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದರೆ ಒಂದು ವಿಷಯ ಗಮನದಲ್ಲಿರಲಿ. ಬ್ರೇಕು ಸಡಿಲಿಸಿದ ಟಿ ಕೋಶಗಳು ಕರುಳು, ಶ್ವಾಸಕೋಶ, ಥೈರಾಯ್ಡ್, ಲಿವರ್, ಅಪರೂಪಕ್ಕೆ ಹೃದಯದ ಮೇಲೂ ಬೀಳಬಹುದು. ಹೀಗಾಗುವುದು ಡ್ರಿಪ್ ಹಾಕಿದ ವಾರಗಳ ನಂತರ, ಕೆಲವೊಮ್ಮೆ ಚಿಕಿತ್ಸೆ ನಿಲ್ಲಿಸಿದ ತಿಂಗಳುಗಳ ನಂತರ. ಬಿಡದ ಭೇದಿ, ಹೊಸದಾಗಿ ಶುರುವಾದ ಒಣಕೆಮ್ಮು ಅಥವಾ ಏದುಸಿರು, ಎದೆನೋವು, ಕಣ್ಣು ಹಳದಿಯಾಗುವುದು, ವಿಪರೀತ ಸುಸ್ತು ಕಂಡರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಕಾಯಬೇಡಿ, ಅದೇ ದಿನ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಫೋನ್ ಮಾಡಿ. ಬೇರೆ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಬರೀ ‘ಕೀಮೋ ನಡೀತಿದೆ’ ಎನ್ನದೆ ಔಷಧದ ಹೆಸರು ಬರೆದ ಚೀಟಿಯನ್ನೇ ಅಲ್ಲಿಯ ಡಾಕ್ಟರಿಗೆ ತೋರಿಸಿ. ಬೇಗ ಗುರುತಿಸಿದರೆ ಬಹುತೇಕ ಸಲ ಸ್ಟೀರಾಯ್ಡ್ ಕೊಟ್ಟು ಹತೋಟಿಗೆ ತರುತ್ತಾರೆ.