ಬಾವಿ ಅಳೆಯುವುದು ಮೇ ತಿಂಗಳಲ್ಲಿ, ಗುಂಡಿ ಅಳೆಯುವುದು ಆಷಾಢದಲ್ಲಿ

ಊರಿನ ಓವರ್‌ಹೆಡ್ ಟ್ಯಾಂಕ್ ಎಷ್ಟು ಸಾವಿರ ಲೀಟರಿನದು ಎಂದು ಕೇಳಿದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಾವ ಪಂಚಾಯಿತಿ ಸದಸ್ಯರೂ ತಡಮಾಡದೆ ಹೇಳುತ್ತಾರೆ. ಪೈಪ್‌ಲೈನ್ ಎಷ್ಟು ಕಿಲೋಮೀಟರ್, ಎಷ್ಟು ಮನೆಗೆ ನಲ್ಲಿ ಕೂತಿದೆ ಎಂಬುದೂ ಬಾಯಿಪಾಠ. ಆ ಟ್ಯಾಂಕಿಗೆ ನೀರು ಕೊಡುವ ಬಾವಿಯಲ್ಲಿ ಕಳೆದ ಮೇ ಕೊನೆಯ ವಾರ ಒಂದು ರಾತ್ರಿಗೆ ಎಷ್ಟು ನೀರು ಏರುತ್ತಿತ್ತು ಎಂದು ಕೇಳಿ ನೋಡಿ. ಸಭೆ ತಣ್ಣಗಾಗುತ್ತದೆ. ಹಿಂದಿನ ಸಾಲಿನಿಂದ ಒಬ್ಬರು, ‘ನಮ್ಮಲ್ಲಿ ಮಳೆಗೇನು ಬರವೇ ಸರ್?’ ಎನ್ನುತ್ತಾರೆ.

ಮಳೆಗೆ ಬರವಿಲ್ಲ, ನಿಜ. ಕಾರವಾರದಿಂದ ಭಟ್ಕಳದವರೆಗೆ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ನೆಲ ಎಷ್ಟು ಹಿಡಿದಿಟ್ಟುಕೊಂಡಿದೆಯೋ ಅಷ್ಟೇ. ನಮ್ಮ ನೆಲ ಹಿಡಿಯುವುದು ಕಡಿಮೆ. ಮೇಲೆ ತೂತುತೂತಾದ ಚಿರೆಕಲ್ಲು, ಅದರ ಕೆಳಗೆ ನೀರು ಇಳಿಯಗೊಡದ ಶೇಡಿ ಮಣ್ಣು. ಚಿರೆಕಲ್ಲಿನೊಳಗೆ ಸರ್ರನೆ ಇಳಿದ ನೀರು ಶೇಡಿಯ ಮೇಲೆ ಕೂತು, ಅಡ್ಡಡ್ಡ ಹರಿದು, ಕಣಿವೆಯ ಹಳ್ಳಕ್ಕೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಪುಷ್ಯ ಮಳೆಯಲ್ಲಿ ಕೈಯಿಂದ ಮೊಗೆಯಬಹುದಾದ ಬಾವಿಯಲ್ಲೇ ಏಪ್ರಿಲ್ ಕೊನೆಗೆ ಕೊಡ ತಳಕ್ಕೆ ಬಡಿದು ಸದ್ದು ಮಾಡುವುದು ಇದಕ್ಕೇ.

ಇಷ್ಟು ಎಲ್ಲರಿಗೂ ಗೊತ್ತು. ಆದರೂ ಯೋಜನೆ ಮಾಡುವಾಗ ಕ್ಯಾಲೆಂಡರ್ ತಲೆಕೆಳಗಾಗುತ್ತದೆ. ಗ್ರಾಮ ಸಭೆ, ಕ್ರಿಯಾಯೋಜನೆ ಎಲ್ಲ ಅಕ್ಟೋಬರ್‌ನಿಂದ ಡಿಸೆಂಬರ್‌ ಒಳಗೆ. ಎಸ್ಟಿಮೇಟ್‌ಗೆ ಎಂಜಿನಿಯರ್ ಬರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಬಾವಿ ತುಂಬಿರುತ್ತದೆ. ಮಾರ್ಚ್ 31ರೊಳಗೆ ಬಿಲ್ ಆಗಬೇಕು. ಶೌಚಾಲಯದ ಗುಂಡಿ ತೋಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ನೆಲ ಒಣಗಿ, ಎಂಟು ಅಡಿ ತೆಗೆದರೂ ಗುಂಡಿ ಬೆಂಡಿನ ಹಾಗೆ ಒಣಗಿರುತ್ತದೆ. ನೀರನ್ನು ನೀರಿರುವ ಕಾಲದಲ್ಲಿ ನೋಡುತ್ತೇವೆ, ಗುಂಡಿಯನ್ನು ನೀರಿಲ್ಲದ ಕಾಲದಲ್ಲಿ ನೋಡುತ್ತೇವೆ. ಎರಡೂ ಉಲ್ಟಾ. ನೂರು ಸಲ ಹೇಳಿದರೂ ಮರುವರ್ಷ ಮತ್ತೆ ಜನವರಿಯಲ್ಲೇ ‘ಯೀಲ್ಡ್ ಟೆಸ್ಟ್ (ಬಾವಿ ಎಷ್ಟು ನೀರು ಕೊಡುತ್ತದೆ ಎಂಬ ಪರೀಕ್ಷೆ) ಆಗಿದೆ’ ಎಂಬ ಕಾಗದ ಫೈಲಿನಲ್ಲಿ ಕೂತಿರುತ್ತದೆ.

ಡಿಸೆಂಬರ್‌ನ ಯೀಲ್ಡ್ ಟೆಸ್ಟ್ ಯಾಕೆ ಸುಳ್ಳು ಹೇಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಗೊಂದಲ ಇರುವುದೇ ಇಲ್ಲಿ. 4 ಮೀಟರ್ ವ್ಯಾಸದ ಬಾವಿ ಎಂದುಕೊಳ್ಳಿ. ಅದರಲ್ಲಿ ಪ್ರತಿ ಸೆಂಟಿಮೀಟರ್ ನೀರು ಎಂದರೆ ಸುಮಾರು 126 ಲೀಟರ್. ಡಿಸೆಂಬರ್‌ನಲ್ಲಿ 4 ಮೀಟರ್ ನೀರು ನಿಂತಿದ್ದರೆ 50,000 ಲೀಟರ್ ಸಂಗ್ರಹ. ಐದು ಎಚ್‌ಪಿ ಪಂಪ್ ಎರಡು ಗಂಟೆ ಓಡಿಸಿದರೂ ಬಾವಿ ಬರಿದಾಗುವುದಿಲ್ಲ, ಮರುದಿನ ಬೆಳಿಗ್ಗೆ ಮತ್ತೆ ತುಂಬಿಕೊಂಡಿರುತ್ತದೆ. ‘ಭರ್ಜರಿ ನೀರು’ ಎಂದು ಬರೆದುಕೊಂಡು ಹೋಗುತ್ತಾರೆ. ಅಳೆದದ್ದು ಸಂಗ್ರಹವನ್ನು, ಜೊತೆಗೆ ಆಗಿನ ಒರತೆಯನ್ನು. ಮೇ ತಿಂಗಳಲ್ಲಿ ಸಂಗ್ರಹ ಇರುವುದಿಲ್ಲ, ಒರತೆ ಮಾತ್ರ ಉಳಿದಿರುತ್ತದೆ. ಅದೂ ಸಣಕಲಾಗಿರುತ್ತದೆ.

ಈಗ ಬೇಡಿಕೆ ನೋಡಿ. 150 ಮನೆ, ಮನೆಗೆ ಐವರು ಎಂದರೆ 750 ಜನ. ಜಲ ಜೀವನ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್, ಒಟ್ಟು 41,250 ಲೀಟರ್. ದಾರಿಯಲ್ಲಿ ಸೋರುವುದನ್ನು ಶೇ 15 ಎಂದು ಹಿಡಿದರೆ 47,000 ದಾಟುತ್ತದೆ. ಮೇ ತಿಂಗಳಲ್ಲಿ ಅದೇ ಬಾವಿಯನ್ನು ಇಳಿಸಿ ನೋಡಿದಾಗ ನಾಲ್ಕು ಗಂಟೆಯಲ್ಲಿ 24 ಸೆಂಟಿಮೀಟರ್ ಏರಿತು ಎಂದಿಟ್ಟುಕೊಳ್ಳಿ. ಅಂದರೆ 3,000 ಲೀಟರ್. ಇಡೀ ದಿನಕ್ಕೆ 18,000. ಸೋರಿಕೆ ಬಿಟ್ಟು ಲೆಕ್ಕ ಹಾಕಿದರೂ ತಲೆಗೆ 24 ಲೀಟರ್. ಇದರ ಮೇಲೆ ಒಂದು ಲಕ್ಷ ಲೀಟರಿನ ಟ್ಯಾಂಕ್ ಕಟ್ಟಿ ಪ್ರಯೋಜನವೇನು? ದೊಡ್ಡ ಕಿಸೆಯ ಅಂಗಿ ಹೊಲಿಸಿದರೆ ಸಂಬಳ ಹೆಚ್ಚುವುದಿಲ್ಲ.

ಪರೀಕ್ಷೆ ಕಷ್ಟದ್ದಲ್ಲ, ತಾಳ್ಮೆಯದ್ದು. ಮೇ 15ರಿಂದ ಮಳೆ ಹಿಡಿಯುವ ಮೊದಲಿನ ಯಾವುದಾದರೂ ಮೂರು ದಿನ. ನಡುವೆ ಅಡ್ಡಮಳೆ ಜೋರಾಗಿ ಬಂದಿದ್ದರೆ ಒಂದು ವಾರ, ಹತ್ತು ದಿನ ಮುಂದೂಡಿ. ಬೆಳಿಗ್ಗೆ ಬಾವಿಕಟ್ಟೆಯ ಒಂದೇ ಗುರುತಿನಿಂದ ನೀರಿನ ಮಟ್ಟ ಅಳೆದುಕೊಳ್ಳಿ. ಪಂಪ್ ಪೈಪಿನ ಕೆಳತುದಿಯ ಫುಟ್‌ವಾಲ್ವ್ ಮೇಲೆ ಒಂದು ಅಡಿ ನೀರು ಉಳಿಯುವಷ್ಟು ಪಂಪ್ ಮಾಡಿ ನಿಲ್ಲಿಸಿ. ಆಮೇಲೆ ಅರ್ಧ ಗಂಟೆಗೊಮ್ಮೆ ಟೇಪ್ ಬಿಟ್ಟು ಬರೆಯಿರಿ. ನಡುವೆ ಯಾರೂ ಒಂದು ಕೊಡ ಸೇದಬಾರದು. ಮೊದಲು ಬೇಗ ಏರುತ್ತದೆ, ನೀರು ಮೇಲೆ ಬಂದಂತೆ ನಿಧಾನವಾಗುತ್ತದೆ. ಮೊದಲ ಅರ್ಧ ಗಂಟೆಯ ಅಂಕಿಯನ್ನೇ 48ರಿಂದ ಗುಣಿಸಿ ಖುಷಿಪಡುವವರಿದ್ದಾರೆ, ಅದು ಬೇಡ. ಕನಿಷ್ಠ ನಾಲ್ಕು ಗಂಟೆಯ ಸರಾಸರಿ ತೆಗೆದುಕೊಳ್ಳಿ. ಇನ್ನೊಂದು: ಪಕ್ಕದ ಅಡಿಕೆ ತೋಟದ ಪಂಪ್‌ಗಳನ್ನು ‘ಪರೀಕ್ಷೆ ಇದೆ, ಇವತ್ತು ಬಂದ್ ಮಾಡಿ’ ಎಂದು ನಿಲ್ಲಿಸಬೇಡಿ. ಮೇ ತಿಂಗಳಲ್ಲಿ ಅವು ಓಡುವುದು ಖಂಡಿತ, ಓಡುತ್ತಿರುವಾಗ ಬಾವಿಗೆ ಉಳಿಯುವ ಒರತೆಯೇ ನಿಮ್ಮ ಪಾಲು.

ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಮೇಲಿನ ಊರುಗಳಲ್ಲಿ ಅಬ್ಬಿ ನೀರು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ. ಅಲ್ಲಿ ಇನ್ನೂ ಸುಲಭ: 20 ಲೀಟರಿನ ಬಕೆಟ್, ಮೊಬೈಲಿನ ಸ್ಟಾಪ್‌ವಾಚ್. 25 ಸೆಕೆಂಡಿಗೆ ತುಂಬಿದರೆ ದಿನಕ್ಕೆ 69,000 ಲೀಟರ್ ಆಯಿತು. ಕರೆಂಟ್ ಬಿಲ್ ಇಲ್ಲದ ಇಂಥ ನೀರನ್ನು ಬಿಟ್ಟು ಗುಡ್ಡದ ಬುಡದಲ್ಲಿ ಬೋರ್‌ವೆಲ್ ಕೊರೆಸುವುದು ನನಗಂತೂ ಅರ್ಥವಾಗಿಲ್ಲ. ಬೋರ್‌ವೆಲ್ ಬೇಡವೇ ಬೇಡ ಎನ್ನುತ್ತಿಲ್ಲ. ಆದರೆ ಒಂದರ ಮೇಲೆ ಇಡೀ ಊರನ್ನು ನಿಲ್ಲಿಸುವ ಮೊದಲು ಅದಕ್ಕೂ ಒಂದು ಮೇ ತಿಂಗಳು ಕಳೆಯಲಿ.

ಹೊಳೆ ನಂಬಿದವರ ಕಥೆ ಸ್ವಲ್ಪ ಬೇರೆ. ನಮ್ಮ ಹೊಳೆಗಳಲ್ಲಿ ಎರಡು ಜಾತಿ. ಕಾಳಿ, ಶರಾವತಿಯ ಕೆಳಭಾಗಕ್ಕೆ ಬೇಸಿಗೆಯಲ್ಲಿ ಬರುವ ಸಿಹಿನೀರು ಮುಖ್ಯವಾಗಿ ಕದ್ರಾ, ಗೇರುಸೊಪ್ಪದ ವಿದ್ಯುತ್ ಕೇಂದ್ರಗಳು ಬಿಟ್ಟದ್ದು. ಗಂಗಾವಳಿ, ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟಿಲ್ಲ. ಕಾಡು ಬಿಟ್ಟಷ್ಟು ಬರುತ್ತದೆ, ಮೇ ತಿಂಗಳಲ್ಲಿ ತೆಳ್ಳಗಾಗುತ್ತದೆ. ಕಾಳಿಯ ಅಳಿವೆಯಲ್ಲೇ ಕೂತಿರುವ ಕಾರವಾರ ಕುಡಿಯುವುದು ಗಂಗಾವಳಿಯ ನೀರು. ಕುಮಟಾ, ಹೊನ್ನಾವರಕ್ಕೆ ಅಘನಾಶಿನಿಯಿಂದ ಮರಾಕಲ್‌ನಲ್ಲಿ ಎತ್ತಿದ ನೀರು. ಹೊಳೆ ತೆಳ್ಳಗಾದ ಹಾಗೆ ಉಪ್ಪು ಮೇಲೇರುತ್ತದೆ. ಹೊಳೆಯಿಂದ ನೀರೆತ್ತುವ ಹೊಸ ಜಾಕ್‌ವೆಲ್‌ಗೆ ಜಾಗ ಗುರುತಿಸುವಾಗ ಮೇ ತಿಂಗಳ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಉಬ್ಬರ ತುಂಬಿದ ಹೊತ್ತಿಗೆ ನೀರು ತೆಗೆಯಿರಿ. ಮೇಲಿನ ನೀರನ್ನು ಮಾತ್ರ ಬಾಟಲಿಗೆ ತುಂಬಬೇಡಿ. ಉಪ್ಪುನೀರು ಭಾರ, ತಳದಲ್ಲಿ ತೆವಳಿಕೊಂಡು ಬರುತ್ತದೆ. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ, ತಳಕ್ಕೆ ಬಿಟ್ಟ ಮೇಲೆ ಬಿರಡೆ ಎಳೆದರೆ ಆಯಿತು. ಕುಡಿಯುವ ನೀರಿನ ಮಾನದಂಡದಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1,000.

ಕಿಂಡಿಗಳಿಗೆ ಹಲಗೆ ಹಾಕಿ ಹಳ್ಳದ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲಗೆ ಹಾಕುವುದು ಹಳ್ಳ ಇನ್ನೂ ಹರಿಯುತ್ತಿರುವಾಗ, ನವೆಂಬರ್ ಹೊತ್ತಿಗೆ. ಫೆಬ್ರವರಿಯಲ್ಲಿ ಹಾಕಿದರೆ ನಿಲ್ಲಿಸಲು ನೀರೆಲ್ಲಿದೆ? ಎರಡು ಸಾಲು ಹಲಗೆ, ನಡುವೆ ಅಂಟುಮಣ್ಣು ತುಳಿದು ತುಂಬಬೇಕು. ಜೂನ್‌ಗೆ ಮೊದಲು ತೆಗೆದ ಹಲಗೆ ಎಲ್ಲಿಡುವುದು, ಯಾರು ಕಾಯುವುದು ಎಂಬುದನ್ನೂ ಎಸ್ಟಿಮೇಟ್‌ನಲ್ಲೇ ಬರೆದಿಡಿ. ಇಲ್ಲದಿದ್ದರೆ ಅವು ಯಾರದೋ ಬಚ್ಚಲೊಲೆಗೆ ಹೋಗುತ್ತವೆ.

ಇನ್ನು ಗುಂಡಿ. ಶೌಚಗುಂಡಿಗೂ ಬಾವಿಗೂ ಎಷ್ಟು ಅಂತರ ಬೇಕು ಎಂದು ಎಲ್ಲರೂ ಕೇಳುತ್ತಾರೆ, ಒಂದು ಸಂಖ್ಯೆ ಸಿಕ್ಕಿದರೆ ಸಮಾಧಾನವಾಗಿ ಹೋಗುತ್ತಾರೆ. ಸಂಖ್ಯೆ ಇದೆ: ಗುಂಡಿಯ ತಳ ಅಂತರ್ಜಲದ ಗರಿಷ್ಠ ಮಟ್ಟಕ್ಕಿಂತ 2 ಮೀಟರ್ ಮೇಲಿದ್ದು, ಮಣ್ಣು ನಯವಾಗಿದ್ದರೆ 3 ಮೀಟರ್, ತಳ ನೀರಿನಲ್ಲಿ ಮುಳುಗುವಂತಿದ್ದರೆ ಕನಿಷ್ಠ 10 ಮೀಟರ್. ಆ ‘ಗರಿಷ್ಠ’ ಎಂಬುದನ್ನು ಯಾರೂ ಓದುವುದಿಲ್ಲ. ಗರಿಷ್ಠ ಎಂದರೆ ಆಷಾಢ. ಗದ್ದೆಬಯಲಿನ ಅಂಚಿನ, ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಪಕ್ಕದ ಕೇರಿಗಳಲ್ಲಿ ಆಗ ನೀರು ನೆಲದಿಂದ ಒಂದು ಅಡಿ ಕೆಳಗಿರುತ್ತದೆ. ಮೇ ತಿಂಗಳಲ್ಲಿ ತೋಡಿದ ಎಂಟು ಅಡಿ ಗುಂಡಿಯಲ್ಲಿ ಏಳು ಅಡಿ ನೀರು. ಶೌಚಾಲಯದ ಪ್ಯಾನ್‌ನಲ್ಲಿ ನೀರು ಇಳಿಯುವುದಿಲ್ಲ, ಗುಂಡಿಯದ್ದು ಮಣ್ಣಿನಲ್ಲಿ ಸೋಸಿಕೊಳ್ಳದೆ ನೇರ ಅಂತರ್ಜಲಕ್ಕೆ ಸೇರುತ್ತದೆ. ಇನ್ನು ಚಿರೆಕಲ್ಲಿನಲ್ಲಿ ಮೇಲಿನ ಸಂಖ್ಯೆಗಳೇ ನಡೆಯುವುದಿಲ್ಲ. ನಯವಾದ ಮಣ್ಣು ಸೋಸುತ್ತದೆ. ಚಿರೆಕಲ್ಲಿನ ತೂತು, ಬಿರುಕು ಸೋಸುವುದಿಲ್ಲ. ಗುಂಡಿಯ ಕೊಳೆ ನೂರು ಅಡಿ ದೂರದ ಇಳಿಜಾರಿನ ಬಾವಿಗೆ ಹೋಗಿ, ಇಪ್ಪತ್ತೇ ಅಡಿ ದೂರದ ಮೇಲ್ಬದಿಯ ಬಾವಿಗೆ ಹೋಗದೆ ಇರಬಹುದು.

ಅದಕ್ಕೇ ಹೇಳುವುದು, ಗುಂಡಿಯ ಜಾಗವನ್ನು ಮಳೆಗಾಲದಲ್ಲಿ ನಿಶ್ಚಯಿಸಿ. ಜುಲೈಯಲ್ಲಿ ಮಣ್ಣು ಕೊರೆಯುವ ಕೈ ಆಗರ್‌ನಿಂದ ಎರಡು ಮೀಟರ್ ತೂತು ಹೊಡೆದು, ಮೇಲೆ ಮುಚ್ಚಿ, ಮರುದಿನ ನೀರು ಎಲ್ಲಿ ನಿಂತಿದೆ ನೋಡಿ. ಮೇಲಿದ್ದರೆ ಆಳದ ಆಸೆ ಬಿಡಿ. ಗುಂಡಿ ಒಂದು ಮೀಟರ್ ಆಳ ಸಾಕು, ಅಗಲ ಹೆಚ್ಚಿರಲಿ, ಬಾಯಿ ನೆಲಕ್ಕಿಂತ ಒಂದೆರಡು ಅಡಿ ಮೇಲೆ ಬರಲಿ, ಸುತ್ತ ಮಣ್ಣು ಏರಿಸಿ. ತಳ ಕಾಂಕ್ರೀಟಿನಿಂದ ಮುಚ್ಚಿ, ಗೋಡೆಯ ಹೊರಗೆ ಸುತ್ತಲೂ ಅರ್ಧ ಮೀಟರ್ ಸಣ್ಣ ಮರಳು ತುಂಬಿ. ಶೌಚಾಲಯದ ನೆಲವನ್ನೂ ಅಷ್ಟೇ ಎತ್ತರಿಸಬೇಕು. ಇದನ್ನು ಮರೆತು ಗುಂಡಿ ಮಾತ್ರ ಎತ್ತರಿಸಿದ ಮನೆಗಳಿವೆ. ಮಲ ಏರುಮುಖ ಹತ್ತುವುದಿಲ್ಲ ಎಂದು ಯಾರಿಗೂ ವಿವರಿಸಬೇಕಾಗಿ ಬರಬಾರದಿತ್ತು. ಎರಡು ಗುಂಡಿ ಇದ್ದರೆ ಒಂದು ಹೊತ್ತಿಗೆ ಒಂದಕ್ಕೇ ಬಿಡಿ. ಚೇಂಬರಿನಲ್ಲಿ ಇನ್ನೊಂದರ ಬಾಯಿ ಮುಚ್ಚದೆ ಎರಡನ್ನೂ ಒಟ್ಟಿಗೆ ತುಂಬಿಸಿದರೆ ಗೊಬ್ಬರವಾಗಲು ಯಾವುದಕ್ಕೂ ವಿರಾಮ ಸಿಗುವುದಿಲ್ಲ.

ಹಳೆಯ ಗುಂಡಿ ಬಾವಿಗೆ ಸೇರುತ್ತಿದೆಯೇ ಎಂಬ ಸಂಶಯವಿದ್ದರೆ, ಆಷಾಢದಲ್ಲೇ, ಹತ್ತು ಕೆಜಿ ಉಪ್ಪನ್ನು ನೂರು ಲೀಟರ್ ನೀರಿನಲ್ಲಿ ಕರಗಿಸಿ ಇಂಗುಗುಂಡಿಗೆ ಸುರಿಯಿರಿ, ಸೆಪ್ಟಿಕ್ ಟ್ಯಾಂಕಿಗೆ ಬೇಡ. ಮೊದಲೂ ನಂತರವೂ ಮೂರ್ನಾಲ್ಕು ದಿನ ಬಾವಿಯ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ನೋಡಿ. ಏರಿದರೆ ಸಂಬಂಧ ಇದೆ ಎಂದೇ ಲೆಕ್ಕ. ಏರದಿದ್ದರೆ ಇಲ್ಲ ಎನ್ನಲಾಗದು. ಬಾವಿಯಲ್ಲಿ ನೀರು ಹೆಚ್ಚಿದ್ದು ಉಪ್ಪು ತೆಳುವಾಗಿರಬಹುದು. ಸಮುದ್ರದಂಚಿನ ಬಾವಿಯಲ್ಲಿ ಇದು ನಡೆಯದು. ನೀರಿಗೆ ಮಲ ಸೇರಿದ್ದರೆ ಕಪ್ಪಾಗಿ ತೋರಿಸುವ, ಪಂಚಾಯಿತಿಯ ಕಿಟ್‌ನಲ್ಲಿರುವ ಎಚ್‌ಟುಎಸ್ ಬಾಟಲಿಯನ್ನೂ ಫೆಬ್ರವರಿಯಲ್ಲಿ ಖರ್ಚು ಮಾಡದೆ ಮೊದಲ ದೊಡ್ಡ ಮಳೆಯ ಮರುವಾರಕ್ಕೆ ಉಳಿಸಿಕೊಳ್ಳಿ. ಗುರುತಿನವರೆಗೆ ನೀರು ತುಂಬಿ ಇಟ್ಟು, ಕಪ್ಪಾಯಿತೇ ನೋಡುವುದು. ಘಟ್ಟದ ಮೇಲಿನ ಚಳಿಗೆ 48 ಗಂಟೆ ಕಾಯಬೇಕು.

ಬ್ಲೀಚಿಂಗ್ ಪೌಡರಿಗೂ ಇದೇ ಕಾಲದ ಲೆಕ್ಕ. ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ 2.5 ಗ್ರಾಂ. ಮೇಲೆ ಹೇಳಿದ ಬಾವಿಯಲ್ಲಿ ಮೇ ತಿಂಗಳಿಗೆ ಅರ್ಧ ಮೀಟರ್ ನೀರಿದ್ದರೆ 16 ಗ್ರಾಂ, ಜುಲೈಯಲ್ಲಿ 5 ಮೀಟರ್ ಇದ್ದರೆ 157 ಗ್ರಾಂ. ವಾಟರ್‌ಮನ್ ಎರಡಕ್ಕೂ ಅದೇ ಒಂದು ಮುಷ್ಟಿ ಹಾಕುತ್ತಾನೆ. ಕರಾವಳಿಯ ತೇವಕ್ಕೆ ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಒಂದೆರಡು ತಿಂಗಳಲ್ಲಿ ಸುಣ್ಣಕ್ಕೆ ಸಮ. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂಬುದೊಂದೇ ಪುರಾವೆ.

ಕಸದ ಘಟಕಕ್ಕೆ ಜಾಗ ಕೇಳಿದಾಗ ಹಳೆಯ ಚಿರೆಕಲ್ಲು ಕ್ವಾರಿ ತೋರಿಸುವುದು ರೂಢಿಯಾಗಿದೆ. ಊರ ಹೊರಗಿದೆ, ತಗ್ಗಿದೆ, ಕಣ್ಣಿಗೆ ಬೀಳುವುದಿಲ್ಲ. ದಯವಿಟ್ಟು ಬೇಡ. ಕ್ವಾರಿಯಲ್ಲಿ ಮೇಲಿನ ಕಲ್ಲು ಆಗಲೇ ತೆಗೆದಾಗಿದೆ, ತಳ ಶೇಡಿಗೆ ಹತ್ತಿರ. ಹಸಿ ಕಸ ಕೊಳೆತ ರಸ ಶೇಡಿಯ ಮೇಲೆ ಅಡ್ಡ ಹರಿದು ಕೆಳಗಿನ ಕೇರಿಯ ಬಾವಿಯಲ್ಲೋ ತೋಟದಲ್ಲೋ ಎದ್ದು ಬರುತ್ತದೆ. ಮಳೆ ಹಿಡಿದ ಜುಲೈಯಲ್ಲಿ ಆ ಕ್ವಾರಿಯ ಕೆಳಗಿನ ಇಳಿಜಾರನ್ನು ಒಂದು ಸುತ್ತು ನಡೆದು ಬನ್ನಿ. ಎಲ್ಲೆಲ್ಲಿ ನೀರು ಜಿನುಗುತ್ತಿದೆಯೋ ಅಲ್ಲೆಲ್ಲ ನಿಮ್ಮ ಕಸ ಬರಲಿದೆ. ಒಣ ಕಸ ಬೇರ್ಪಡಿಸುವ ಶೆಡ್ಡಿಗೆ ಗಟ್ಟಿ ನೆಲ, ಸೂರು, ಲಾರಿ ತಿರುಗುವ ಜಾಗ ಇದ್ದರೆ ಸಾಕು, ಅದಕ್ಕೆ ಹೊಂಡ ಬೇಕಿಲ್ಲ.

ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸುವವರಿಗೊಂದು ಮಾತು. ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕು, ಆದರೆ ಶೌಚಾಲಯ ಕಟ್ಟಿಕೊಂಡಿತೆಂದು ಜುಲೈಯಲ್ಲಿ ಸಕ್ಕಿಂಗ್ ಮಶಿನ್ ಕರೆಸಬೇಡಿ. ಸುತ್ತ ನೀರು ತುಂಬಿರುವಾಗ ಟ್ಯಾಂಕ್ ಖಾಲಿಯಾದರೆ ಕೆಳಗಿನಿಂದ ನೀರು ಎತ್ತುತ್ತದೆ. ಪ್ಲಾಸ್ಟಿಕ್ ಟ್ಯಾಂಕ್ ಎದ್ದು ಮೇಲೆ ಬರುತ್ತದೆ, ಇಟ್ಟಿಗೆಯದ್ದಾದರೆ ತಳ ಬಿರುಕು ಬಿಡುತ್ತದೆ, ಪೈಪ್ ಜೋಡಣೆ ಮುರಿಯುತ್ತದೆ. ತೆಗೆಸಲೇಬೇಕಾದ ತುರ್ತಾದರೆ ಅರ್ಧದಷ್ಟು ಮಾತ್ರ ತೆಗೆಸಿ. ಸರಿಯಾದ ಕಾಲ ಜನವರಿಯಿಂದ ಏಪ್ರಿಲ್. ಮಶಿನ್ ಹೂಳನ್ನು ಎಲ್ಲಿ ಸುರಿಯುತ್ತದೆ ಎಂದು ಕೇಳಿ, ಸಂಸ್ಕರಣಾ ಘಟಕದ ರಸೀದಿ ಕೊಟ್ಟ ಮೇಲೆ ದುಡ್ಡು ಕೊಡಿ.