ಪೆಟ್ರೋಲ್ ಟ್ಯಾಂಕ್ ತೆಗೆದ ಜಾಗ: ಅಂತರ್ಜಲದ ಕಡತ ಮುಚ್ಚುವುದು ಯಾವಾಗ?

ಬಂಕ್ ಮುಚ್ಚಿ, ನೆಲದಡಿಯ ಟ್ಯಾಂಕ್ ಅಗೆದು ತೆಗೆದು, ಪೆಟ್ರೋಲ್ ಹೀರಿದ ಮಣ್ಣನ್ನೂ ಸಾಗಿಸಿದ ಮೇಲೂ, ಅಂತರ್ಜಲದಲ್ಲಿ ಮಾಲಿನ್ಯ ಉಳಿದಿದ್ದರೆ, ಆ ಜಾಗದ ಶುದ್ಧೀಕರಣದ ಕಡತ ಹತ್ತಾರು ವರ್ಷ ತೆರೆದೇ ಇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಾವಿರಾರು ಕಡತಗಳು ಬಿದ್ದಿದ್ದವು. ಯಾವುದನ್ನು ಮುಚ್ಚಬಹುದು ಎಂದು ತೀರ್ಮಾನಿಸಲು ಅಲ್ಲಿನ ರಾಜ್ಯ ಜಲಸಂಪನ್ಮೂಲ ನಿಯಂತ್ರಣ ಮಂಡಳಿ ರೂಪಿಸಿದ ನೀತಿ 2012ರ ಆಗಸ್ಟ್ 17ರಂದು ಜಾರಿಗೆ ಬಂತು. ಕಡತ ಮುಚ್ಚುವ ದಿನ ಆ ಜಾಗದ ಅಂತರ್ಜಲ ಕುಡಿಯಲು ಯೋಗ್ಯವಾಗಿರಲೇಬೇಕು ಎಂದು ಈ ನೀತಿ ಕೇಳುವುದಿಲ್ಲ.

ಆ ರಾಜ್ಯದಲ್ಲಿ ಕುಡಿಯುವ ನೀರಿನಲ್ಲಿ ಪೆಟ್ರೋಲಿನ ವಿಷಕಾರಿ ಅಂಶವಾದ ಬೆಂಜೀನ್ ಲೀಟರಿಗೆ 1 ಮೈಕ್ರೋಗ್ರಾಂ ಮೀರುವಂತಿಲ್ಲ. ಆದರೆ ನೀತಿಯ ಒಂದು ವರ್ಗದಲ್ಲಿ, ಟ್ಯಾಂಕ್ ಇದ್ದ ಜಾಗದ ಕೆಳಗೆ ಸುಮಾರು 3,000 ಮೈಕ್ರೋಗ್ರಾಂ ಇದ್ದರೂ ಕಡತ ಮುಚ್ಚಬಹುದು. ಇದು ಕಂಪನಿಗಳಿಗೆ ಕೊಟ್ಟ ರಿಯಾಯಿತಿಯಂತೆ ಕಾಣುತ್ತದೆ. ಆದರೆ ಇದರ ಆಧಾರ ಮಣ್ಣಿನ ಬ್ಯಾಕ್ಟೀರಿಯಾ. ಅವು ಪೆಟ್ರೋಲಿನ ಅಂಶಗಳನ್ನು ತಿಂದು ಬದುಕಬಲ್ಲವು. ಒಂದು ಕಿಲೋ ಬೆಂಜೀನ್ ಪೂರ್ತಿ ಒಡೆಯಲು ಸುಮಾರು ಮೂರು ಕಿಲೋ ಆಮ್ಲಜನಕ ಬೇಕು. ಅಂತರ್ಜಲದಲ್ಲಿ ಲೀಟರಿಗೆ ಕೆಲವೇ ಮಿಲಿಗ್ರಾಂ ಇರುವುದರಿಂದ ಮಾಲಿನ್ಯದ ನಡುಭಾಗದಲ್ಲಿ ಅದು ಬೇಗ ಮುಗಿಯುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಆಮ್ಲಜನಕದ ಬದಲು ಬಳಸುವ ನೈಟ್ರೇಟ್, ಕಬ್ಬಿಣ, ಸಲ್ಫೇಟ್‌ಗಳ ಸರದಿ. ಕೊನೆಗೆ ಮೀಥೇನ್ ಹುಟ್ಟುತ್ತದೆ. ಅಂಚಿನಲ್ಲಿ ಹೊಸ ನೀರು ಬೆರೆಯುವಲ್ಲಿ ಆಮ್ಲಜನಕ ಮತ್ತೆ ಸಿಗುತ್ತದೆ. ಹರಿದು ಬರುವಷ್ಟನ್ನೂ ಬ್ಯಾಕ್ಟೀರಿಯಾ ತಿಂದು ಮುಗಿಸತೊಡಗಿದಾಗ ಮಾಲಿನ್ಯದ ಹರವು ಮುಂದೆ ಸರಿಯುವುದಿಲ್ಲ. ಈ ಹರವಿಗೆ ಪ್ಲೂಮ್ ಎನ್ನುತ್ತಾರೆ.

ಎಂಟಿಬಿಇ ಇಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಪೆಟ್ರೋಲಿಗೆ ಬೆರೆಸುತ್ತಿದ್ದ ಈ ರಾಸಾಯನಿಕ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಮಣ್ಣಿಗೆ ಅಷ್ಟಾಗಿ ಅಂಟುವುದಿಲ್ಲ, ನಿಧಾನವಾಗಿ ಒಡೆಯುತ್ತದೆ. 1996ರಲ್ಲಿ ಸಾಂಟಾ ಮೋನಿಕಾ ನಗರ ಇದರಿಂದಾಗಿಯೇ ಹಲವು ಕುಡಿಯುವ ನೀರಿನ ಬಾವಿಗಳನ್ನು ನಿಲ್ಲಿಸಬೇಕಾಯಿತು. 2003ರ ಕೊನೆಗೆ ರಾಜ್ಯದ ಪೆಟ್ರೋಲಿನಲ್ಲಿ ಅದನ್ನು ನಿಷೇಧಿಸಲಾಯಿತು. ಕಡತ ಮುಚ್ಚುವ ಮುನ್ನ ಎಂಟಿಬಿಇ ಪರೀಕ್ಷೆ ಆಗಿರಲೇಬೇಕೆಂಬ ಷರತ್ತು ಅದಕ್ಕೇ.

ಉಳಿದ ಷರತ್ತುಗಳೂ ನೇರವಾಗಿವೆ: ಸೋರಿಕೆ ನಿಂತಿರಬೇಕು, ಸೋರಿದ್ದು ಪೆಟ್ರೋಲಿಯಂ ಮಾತ್ರವಾಗಿರಬೇಕು, ನೀರಿನ ಮೇಲೆ ತೇಲುವ ಪೆಟ್ರೋಲ್ ಪದರವನ್ನು ಸಾಧ್ಯವಾದಷ್ಟು ತೆಗೆದಿರಬೇಕು, ಜಾಗ ಸಾರ್ವಜನಿಕ ನೀರು ಸರಬರಾಜಿನ ವ್ಯಾಪ್ತಿಯಲ್ಲಿರಬೇಕು. ಪ್ಲೂಮ್ 100 ಅಡಿಗಿಂತ ಚಿಕ್ಕದಾಗಿದ್ದರೆ ಹತ್ತಿರದ ನೀರು ಪೂರೈಕೆಯ ಬಾವಿ ಅಥವಾ ಹೊಳೆ 250 ಅಡಿಗಿಂತ ದೂರವಿರಬೇಕು. 250 ಅಡಿಯವರೆಗಿನ ಪ್ಲೂಮ್‌ಗೆ ಈ ಅಂತರ 1,000 ಅಡಿ. ಅಂತರವನ್ನು ಅಳೆಯುವುದು ಪ್ಲೂಮ್‌ನ ಅಂಚಿನಿಂದ. ಟ್ಯಾಂಕಿನ ಗುಂಡಿಯಿಂದ ಟೇಪ್ ಹಿಡಿದರೆ ಲೆಕ್ಕ ತಪ್ಪುತ್ತದೆ.

ಇವೆಲ್ಲ ನಿಂತಿರುವುದು ನಿಗಾ ಬಾವಿಗಳು ಕೊಡುವ ಸಂಖ್ಯೆಗಳ ಮೇಲೆ. ಅತಿ ಹೆಚ್ಚು ಎಡವುವುದೂ ಅಲ್ಲೇ. ನಿಗಾ ಬಾವಿ ಎಂದರೆ ಎರಡು ಅಥವಾ ನಾಲ್ಕು ಇಂಚಿನ ಪಿವಿಸಿ ಪೈಪ್. ಕೆಳಭಾಗದಲ್ಲಿ ಸೀಳುಗಳಿದ್ದು ಅಲ್ಲಿಂದ ಮಾತ್ರ ನೀರು ಒಳಬರುತ್ತದೆ. ಬರಗಾಲದಲ್ಲಿ ನೀರು ಇಳಿದಾಗ ತೇಲುವ ಪೆಟ್ರೋಲೂ ಜೊತೆಗೆ ಇಳಿದು ದಾರಿಯುದ್ದದ ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಮಳೆ ಬಂದು ನೀರು ಸೀಳುಗಳಿಗಿಂತ ಮೇಲೇರಿತೆನ್ನಿ: ಪೆಟ್ರೋಲ್ ಪದರ ಪೈಪಿನ ಹೊರಗೇ ಉಳಿಯುತ್ತದೆ, ಒಳಗಿನ ಮಾದರಿ ಸ್ವಚ್ಛವಾಗಿ ಕಾಣುತ್ತದೆ. ಬೆಂಜೀನ್ ಇಳಿಯಿತೆಂದು ಖುಷಿಪಡುವ ಮೊದಲು ಅದೇ ದಿನ ನೀರು ಎಷ್ಟು ಆಳದಲ್ಲಿತ್ತು, ಸೀಳುಗಳು ಎಲ್ಲಿ ಶುರುವಾಗುತ್ತವೆ ಎಂದು ನೋಡಲೇಬೇಕು.

ಮಾದರಿ ತೆಗೆಯುವುದೂ ನಾಜೂಕಿನ ಕೆಲಸ. 40 ಮಿಲಿಲೀಟರ್ ಗಾಜಿನ ಸೀಸೆಯಲ್ಲಿ ಮೊದಲೇ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಬಾಯಿಯ ಮೇಲೆ ನೀರು ಉಬ್ಬುವವರೆಗೆ ನಿಧಾನ ತುಂಬಿಸಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ತಟ್ಟಬೇಕು. ಗುಳ್ಳೆ ಕಂಡರೆ ಹೊಸ ಸೀಸೆ ತೆಗೆದುಕೊಳ್ಳಬೇಕು. ಬೆಂಜೀನ್ ಆ ಗುಳ್ಳೆಗೆ ಸೇರಿಕೊಂಡು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ನಂತರ ಮಂಜುಗಡ್ಡೆಯ ಪೆಟ್ಟಿಗೆ, 14 ದಿನದೊಳಗೆ ಪ್ರಯೋಗಾಲಯ.

ಇನ್ನೊಂದು ಮೋಸ, ಶುದ್ಧೀಕರಣದ ಯಂತ್ರ ನಿಲ್ಲಿಸಿದ ತಕ್ಷಣದ ಸಂಖ್ಯೆ. ನೀರು ಅಥವಾ ಆವಿ ಎಳೆಯುವ ಯಂತ್ರ ಮರಳಿನ ಪದರವನ್ನು ಬೇಗ ತೊಳೆಯುತ್ತದೆ. ಜೇಡಿಪದರದೊಳಗೆ ಸೇರಿದ್ದು ತಿಂಗಳುಗಟ್ಟಲೆ ಒಸರಿ ಮತ್ತೆ ನೀರಿಗೆ ಬರುತ್ತದೆ. ಯಂತ್ರ ನಿಂತ ಮೇಲೆ ಕನಿಷ್ಠ ಒಂದು ವರ್ಷ, ಮಳೆಗಾಲ ಬೇಸಿಗೆ ಎರಡನ್ನೂ ನೋಡದೆ ಕಡತ ಮುಚ್ಚಲು ಕೇಳುವುದು ನಮ್ಮ ದೃಷ್ಟಿಯಲ್ಲಿ ಆತುರವೇ.

ಎಲ್ಲ ಸರಿಯಿದ್ದರೆ ಅಕ್ಕಪಕ್ಕದ ಜಮೀನಿನವರಿಗೂ ನೀರು ಸರಬರಾಜು ಸಂಸ್ಥೆಗೂ ನೋಟಿಸ್ ಹೋಗುತ್ತದೆ. ಅಭಿಪ್ರಾಯಕ್ಕೆ 60 ದಿನ. ಆಮೇಲೆ ಪರವಾನಗಿ ಪಡೆದು ನಿಗಾ ಬಾವಿಗಳನ್ನು ಮುಚ್ಚಬೇಕು. ಮೇಲಿಂದ ಸುರಿದ ಸಿಮೆಂಟ್ ಗಾರೆ ನಡುವೆ ಸಿಕ್ಕಿಕೊಂಡು ಪೊಳ್ಳು ಬಿಡುವುದರಿಂದ, ತಳದವರೆಗೆ ಇಳಿಸಿದ ಕೊಳವೆಯ ಮೂಲಕ ಕೆಳಗಿನಿಂದ ಮೇಲಕ್ಕೆ ತುಂಬಿಸುತ್ತಾರೆ. ಮುಚ್ಚದ ಪೈಪ್ ಮೇಲಿನ ಕೊಳೆಗೆ ಅಂತರ್ಜಲದವರೆಗೆ ನೇರ ದಾರಿ. ಡ್ರಮ್ಮುಗಳಲ್ಲಿ ಉಳಿದ ಮಣ್ಣು, ನೀರು ಸಾಗಿದ ಮೇಲಷ್ಟೇ ಮುಕ್ತಾಯದ ಪತ್ರ ಬರುತ್ತದೆ.

ದಾಖಲೆಗಳು ಮಂಡಳಿಯ ಜಿಯೋಟ್ರ್ಯಾಕರ್ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಅಂಥ ಜಾಗದಲ್ಲಿ ಅಡಿಪಾಯ ತೋಡುವವರು ಮೊದಲು ಕೊನೆಯ ವರದಿಯ ನಕ್ಷೆ ತೆರೆದು, ಉಳಿದ ಮಾಲಿನ್ಯ ಎಷ್ಟು ಆಳದಲ್ಲಿದೆ ಎಂದು ಗುರುತು ಹಾಕಿಕೊಳ್ಳಬೇಕು. ಆ ಆಳ ಮುಟ್ಟುವುದಾದರೆ ಮಣ್ಣು ಪರೀಕ್ಷಿಸಿಯೇ ಸಾಗಿಸಬೇಕು, ಗುಂಡಿಯಿಂದ ಎತ್ತಿದ ನೀರನ್ನು ಮಳೆನೀರಿನ ಚರಂಡಿಗೆ ಬಿಡಬಾರದು.