ಹತ್ತು ಸೆಕೆಂಡಿಗೇ ಜಿಗಿಯುವ ಹುಡುಗರಿಗೆ ಸಿಂಫನಿ ಕೇಳಿಸುವುದು ಹೇಗೆ?

ಪ್ರಶ್ನೆ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ನಮ್ಮ ಆರ್ಕೆಸ್ಟ್ರಾದ ತುಣುಕುಗಳನ್ನು ಯೂಟ್ಯೂಬ್‌ಗೆ ಹಾಕುತ್ತೇವೆ. ಹುಡುಗರು ಹತ್ತು ಸೆಕೆಂಡಿಗೇ ಬೇರೆ ವಿಡಿಯೋಗೆ ಜಿಗಿಯುತ್ತಾರೆ. ಶಾಸ್ತ್ರೀಯ ಸಂಗೀತಕ್ಕೂ ಈ ವಯಸ್ಸಿಗೂ ಆಗಿಬರಲ್ಲ ಅಂತ ಬಿಟ್ಟುಬಿಡಬೇಕಾ?

ಬಿಡಬೇಡಿ. ತುಣುಕನ್ನು ಎಲ್ಲಿ ಕತ್ತರಿಸಿದ್ದೀರಿ ಅಂತ ಮೊದಲು ನೋಡಿ. ಜಾಸ್ತಿ ಜನ ಕೊನೆಯ ಅಬ್ಬರದ ಭಾಗವನ್ನೇ ಆರಿಸುತ್ತಾರೆ. ಅಲ್ಲಿಗೆ ಹೇಗೆ ಬಂದೆವು ಅಂತ ಗೊತ್ತಿಲ್ಲದವರಿಗೆ ಅದು ಬರೀ ಸದ್ದು, ಅಲ್ವಾ?

2012ರಲ್ಲಿ ಸ್ಪೇನ್‌ನ ಸಬಾಡೆಲ್ ಊರಿನ ಚೌಕದಲ್ಲಿ ತೆಗೆದ ವಿಡಿಯೋ ಒಂದಿದೆ. ಡಬಲ್ ಬಾಸ್ (ವಯೊಲಿನ್‌ನಂತೆಯೇ ಕಾಣುವ, ಆಳೆತ್ತರದ ವಾದ್ಯ) ಹಿಡಿದು ಒಬ್ಬ ನಿಂತಿದ್ದಾನೆ. ಪುಟ್ಟ ಹುಡುಗಿಯೊಬ್ಬಳು ಟೋಪಿಗೆ ನಾಣ್ಯ ಹಾಕುತ್ತಾಳೆ. ಅವನು ನುಡಿಸಲು ಶುರು ಮಾಡುತ್ತಾನೆ. ಅದಕ್ಕಿಂತ ಸ್ವಲ್ಪ ಚಿಕ್ಕದಾದ ಚೆಲ್ಲೋ ಬಂದು ಸೇರುತ್ತದೆ, ಆಮೇಲೆ ಬೇರೆ ವಾದ್ಯಗಳು, ಕೊನೆಗೆ ಗಾಯಕರು. ಆರು ನಿಮಿಷದೊಳಗೆ ಚೌಕದ ತುಂಬ ಸಂಗೀತ. ಅದು ಬೀಥೋವನ್‌ನ ಒಂಬತ್ತನೇ ಸಿಂಫನಿಯ (ಇಡೀ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿ) ಕೊನೆಯ ಭಾಗದ ಧಾಟಿ. 1824ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದ ಆ ಕೃತಿಯಲ್ಲೂ ಈ ಧಾಟಿ ಪೂರ್ತಿಯಾಗಿ ಮೊದಲು ಕೇಳುವುದು ಚೆಲ್ಲೋ ಮತ್ತು ಬಾಸ್‌ನಲ್ಲಿ ಮಾತ್ರ, ತೀರಾ ಮೆಲ್ಲಗೆ. ಉಳಿದವರು ಆಮೇಲೆ ಕೂಡಿಕೊಳ್ಳುತ್ತಾರೆ. ಅಂದರೆ ಆ ಸಂಗೀತವನ್ನು ಕಟ್ಟಿದ ರೀತಿಯನ್ನೇ ಕ್ಯಾಮೆರಾ ಕಣ್ಣಿಗೆ ಕಾಣಿಸಿತು. (ಅದು ಬ್ಯಾಂಕೊಂದರ ಜಾಹೀರಾತು ಅನ್ನೋದು ಬೇರೆ ಮಾತು.)

ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತವರಿಗೆ ಕಾಣದ್ದನ್ನು ತೋರಿಸುವುದೇ ವಿಡಿಯೋದ ಬಲ. ಕಮಾನು ತಂತಿಯ ಮೇಲೆ ತಿರುಗುವುದು, ಓಬೋ ಎಂಬ ಊದುವ ವಾದ್ಯದವರು ಉಸಿರು ಎಳೆದುಕೊಳ್ಳುವುದು. ಟೂಸೆಟ್ ವಯೊಲಿನ್ ಎಂಬ ಯೂಟ್ಯೂಬ್ ಜೋಡಿ ಇದನ್ನೇ ನಗುನಗುತ್ತಾ ಮಾಡಿದರು. ಸಿನಿಮಾದಲ್ಲಿ ವಯೊಲಿನ್ ನುಡಿಸುವಂತೆ ನಟಿಸುವವರನ್ನು ಗೇಲಿ ಮಾಡುತ್ತಲೇ, ನಿಜವಾಗಿ ಕೈ ಹೇಗೆ ಹೋಗಬೇಕು ಅಂತ ನೋಡುಗರಿಗೆ ಕಲಿಸಿಬಿಟ್ಟರು. ನೀವೂ ಜೋಕ್ ಮಾಡಲೇಬೇಕು ಅಂತಿಲ್ಲ. ಬಾರದ ಹಾಸ್ಯಕ್ಕಿಂತ ಸುಮ್ನೆ ಕೈ ತೋರಿಸುವುದೇ ಮೇಲು.

ಇನ್ನು ಧ್ವನಿ. ಫೋನಿನ ಮೈಕ್ ಸಾಮಾನ್ಯವಾಗಿ ಮೆಲುದನಿಯನ್ನು ತಾನೇ ಏರಿಸಿ, ಜೋರನ್ನು ಇಳಿಸುತ್ತದೆ. ಸಿಂಫನಿಯ ಜೀವ ಇರುವುದೇ ಆ ಏರಿಳಿತದಲ್ಲಿ. ಬೇರೆ ರೆಕಾರ್ಡರ್ ಇಟ್ಟು, ಆಮೇಲೆ ಚಿತ್ರಕ್ಕೆ ಜೋಡಿಸಿ. ಕೇಳುವವರೂ ಫೋನಿನಲ್ಲೇ ಕೇಳುತ್ತಾರೆ ಅನ್ನೋದು ನೆನಪಿರಲಿ. ಡಬಲ್ ಬಾಸ್‌ನ ತೀರಾ ಕೆಳಗಿನ ಸ್ವರದ ತಂತಿ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟೇ ಸಲ ಕಂಪಿಸುತ್ತದೆ. ಪುಟ್ಟ ಸ್ಪೀಕರ್‌ಗೆ ಅದು ಎಟುಕುವುದಿಲ್ಲ. ಚಿಕ್ಕ ತುಣುಕಿಗೆ ವಯೊಲಿನ್, ಕೊಳಲು, ಓಬೋ ಒಳ್ಳೆಯದು.

ತುಣುಕಿನ ಕೆಳಗೆ ಪೂರ್ತಿ ಕೃತಿಯ ಲಿಂಕ್ ಇರಲಿ, ಆ ತುಣುಕು ಬರುವ ನಿಮಿಷವನ್ನೂ ಬರೆಯಿರಿ. ಇಷ್ಟವಾದ ಜಾಗ ಹುಡುಕಿ ಬರುವವರು ಅದಕ್ಕಿಂತ ಎರಡು ನಿಮಿಷ ಹಿಂದಿನಿಂದ ಕೇಳಲಿ.

ಕೊನೆಗೊಂದು ಎಚ್ಚರಿಕೆ. ಹಳೆಯ ಕಾಲದ ಸಂಗೀತ ರಚನಕಾರ ಬಾಖ್‌ನ ಕೃತಿಗೆ ಈಗ ಹಕ್ಕುಸ್ವಾಮ್ಯವಿಲ್ಲ, ಆದರೆ ಬೇರೆಯವರ ರೆಕಾರ್ಡಿಂಗ್‌ಗೆ ಇರಬಹುದು. ನೀವೇ ನುಡಿಸಿದ್ದನ್ನೂ ಯೂಟ್ಯೂಬ್‌ನ ಯಂತ್ರ ಇನ್ಯಾರದೋ ರೆಕಾರ್ಡಿಂಗ್ ಅಂದುಕೊಳ್ಳುವುದುಂಟು. ಗಾಬರಿಯಾಗಿ ವಿಡಿಯೋ ಅಳಿಸಬೇಡಿ. ನುಡಿಸಿದ್ದು ನಾವೇ ಅಂತ ಅಲ್ಲೇ ಆಕ್ಷೇಪಣೆ ಸಲ್ಲಿಸಬಹುದು.